ಗೋಡೆಗೆ ತೂಗಿದ ಬೆಟ್ಟದ ಸೈಕಲ್ಲು

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಗೆಳೆಯರೊಬ್ಬರ ಗರಾಜಿನಲ್ಲಿ ಎಲ್ಲ ಸಾಮಾನೂ ನೆಲದ ಮೇಲಿದೆ. ಗಣಪತಿ ಹಬ್ಬದ ಮಂಟಪ, ಸೋನಾಮಸೂರಿಯ ಚೀಲಗಳು, ದೊಡ್ಡವರಾದ ಮಕ್ಕಳು ಬಿಟ್ಟುಹೋದ ಬ್ಯಾಟು, ಊರಿಗೆ ಹೊರಟಾಗ ಮಾತ್ರ ಹೊರಬರುವ ದೊಡ್ಡ ಸೂಟ್‌ಕೇಸು. ಒಂದು ಸೈಕಲ್ಲು ಮಾತ್ರ ಎದೆಮಟ್ಟದಲ್ಲಿ, ಗೋಡೆಗೆ ಬಡಿದ ಎರಡು ಮರದ ಗೂಟಗಳ ಮೇಲೆ ಕೂತಿದೆ. ಅದರ ಸುತ್ತ ಒಂದು ಮೊಳ ಜಾಗಕ್ಕೆ ಬೇರೆ ಯಾವ ಸಾಮಾನೂ ಕಾಲಿಟ್ಟಿಲ್ಲ. ಮೇಲೊಂದು ದೀಪ. ಉಕ್ಕಿನ ಫ್ರೇಮಿಗೆ ನವಿಲುಕೊರಳಿನ ಬಣ್ಣ. ಹ್ಯಾಂಡಲ್ಲಿನ ಕೆಳಗೆ, ಕಂಪನಿಯ ಬಿಲ್ಲೆ ಇರುವ ಜಾಗದಲ್ಲಿ, ಬೆರಳಗಲದ ಹಿತ್ತಾಳೆ ತಗಡು. ಅದರ ಮೇಲೆ ಕೊರೆದದ್ದು: 100ರಲ್ಲಿ 41.

ಗೆಳೆಯರು ಧಾರವಾಡದವರು. 1993ರಲ್ಲಿ ಓದಲೆಂದು ಈ ದೇಶಕ್ಕೆ ಬಂದವರು. ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಸೈಕಲ್ ಅಂಗಡಿ ಇತ್ತಂತೆ. ಅದರ ಗಾಜಿನ ಹಿಂದೆ ಇದೇ ಹೆಸರಿನ, ಇದೇ ಬಣ್ಣದ ಮೌಂಟನ್ ಬೈಕು ನಿಂತಿರುತ್ತಿತ್ತಂತೆ. “ಅವಾಗ ನನ್ನ ಕಡೆ ರೊಕ್ಕ ಇರ್ಲಿಲ್ರಿ. ದಿನಾ ಹೋಗಿ ನಿಂತು ನೋಡಿ ಬರ್ತಿದ್ದೆ” ಎಂದರು. ಮುಂದೆ ಆ ಮಾದರಿ ನಿಂತುಹೋಯಿತು. ಮೂವತ್ತು ವರ್ಷ ಕಳೆದ ಮೇಲೆ ಅದನ್ನೇ ಹೊಸದಾಗಿ, ನೂರೇ ನೂರು ಮಾಡುತ್ತೇವೆಂದು ಸುದ್ದಿ ಬಂದಾಗ ಇವರು ಮಾರಾಟ ತೆರೆಯುವ ದಿನ ಬೆಳಗಿನ ಜಾವಕ್ಕೇ ಎದ್ದು ಕೂತು ಕೊಂಡುಕೊಂಡರು. ಕೊಟ್ಟ ಬೆಲೆಗೆ ನಮ್ಮ ಊರುಗಳಲ್ಲಿ ಒಂದು ಸಣ್ಣ ಹೊಸ ಕಾರು ಮನೆಮುಂದೆ ಬಂದು ನಿಲ್ಲುತ್ತಿತ್ತು. ಸೈಕಲ್ಲು ಬಂದು ಆಗಲೇ ಎಂಟು ತಿಂಗಳು. ಅದರ ಟಯರು ಇನ್ನೂ ಮಣ್ಣು ಕಂಡಿರಲಿಲ್ಲ.

“ಮುಟ್ಟಿ ನೋಡ್ರಿ, ಏನೂ ಆಗೂದಿಲ್ಲ” ಎಂದರು. ಹಿಂದಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ಫ್ರೀವೀಲು ಜೀರುಂಡೆಯ ಹಾಗೆ ಸದ್ದು ಮಾಡುತ್ತ ಬಹಳ ಹೊತ್ತು ತಿರುಗಿತು. ಅದು ನಿಲ್ಲುವ ತನಕ ನಾವಿಬ್ಬರೂ ಮಾತಾಡಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮೌನವೇ ಮನಸ್ಸಿನಲ್ಲಿ ಸುಳಿಯುತ್ತಿತ್ತು. ಅಷ್ಟು ಹೊತ್ತು ನಾವು ಬೆರಗಾಗಿ ನಿಂತದ್ದು ಯಾವುದನ್ನು ಕಂಡು? ಲೋಹವನ್ನೇ? ಬೆಲೆಯನ್ನೇ? ಅಂಗಡಿಯ ಗಾಜಿನ ಮುಂದೆ ನಿಂತಿದ್ದ ಆ ಹುಡುಗನನ್ನೇ?

ಬೆಟ್ಟದ ಸೈಕಲ್ಲು ಹುಟ್ಟಿದ ಜಾಗ ನಮ್ಮ ಮನೆಗಳಿಂದ ಬಹಳ ದೂರವೇನಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಹಾದು, ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಕೌಂಟಿ. ಅಲ್ಲಿ 784 ಮೀಟರ್ ಎತ್ತರದ ಟ್ಯಾಮಲ್ಪೈಸ್ ಬೆಟ್ಟ. ಅದರ ಸುತ್ತಮುತ್ತ ಮಿಲ್ ವ್ಯಾಲಿ, ಲಾರ್ಕ್‌ಸ್ಪರ್, ಫೇರ್‌ಫ್ಯಾಕ್ಸ್ ಎಂಬ ಚಿಕ್ಕ ಊರುಗಳು. 1970ರ ದಶಕದಲ್ಲಿ ಈ ಊರುಗಳ ಹುಡುಗರು ಗುಜರಿಗೆ ಬಿದ್ದ ಸೈಕಲ್ಲುಗಳನ್ನು ಕೆಲವೇ ಡಾಲರ್ ಕೊಟ್ಟು ಹೊತ್ತು ತರುತ್ತಿದ್ದರು. ಹೆಚ್ಚಿನವು ಮೂವತ್ತು-ನಲವತ್ತರ ದಶಕದ ಷ್ವಿನ್ ಎಕ್ಸೆಲ್ಸಿಯರ್‌ಗಳು. ದಪ್ಪ ಬಲೂನ್ ಟಯರನ್ನು ಷ್ವಿನ್ ಕಂಪನಿ 1933ರಲ್ಲಿ ಅಮೆರಿಕದ ಬೀದಿಗೆ ತಂದಿತ್ತು. ಒಂದು ಕಾಲಕ್ಕೆ ಪೇಪರ್ ಹಾಕುವ ಹುಡುಗರು ಓಡಿಸಿ, ಬೆಳೆದು, ಮರೆತ ಸೈಕಲ್ಲುಗಳು ಅವು. ಇವರು ಮಡ್‌ಗಾರ್ಡು, ಕ್ಯಾರಿಯರು, ಅಲಂಕಾರದ ತಗಡುಗಳನ್ನೆಲ್ಲ ಕಿತ್ತೆಸೆಯುತ್ತಿದ್ದರು. ಕಿತ್ತ ಮೇಲೂ ಇಪ್ಪತ್ತು ಕಿಲೋ ಮೀರುವ ತೂಕ. ಅವನ್ನು ಕ್ಲಂಕರ್ ಎಂದು ಕರೆದರು. ಗಡಗಡ ಅನ್ನುವ ಗಾಡಿಗೆ ನಾವು ಡಕೋಟಾ ಅನ್ನುತ್ತೇವಲ್ಲ, ಆ ಬಗೆಯ ಹೆಸರು. ಅದರಲ್ಲಿ ತಾತ್ಸಾರಕ್ಕಿಂತ ಅಕ್ಕರೆಯೇ ಹೆಚ್ಚು.

ಆ ಸೈಕಲ್ಲುಗಳನ್ನು ಟ್ರಕ್ಕಿಗೆ ಹೇರಿಕೊಂಡು ಬೆಟ್ಟ ಹತ್ತುವುದು, ಕಾಡಿಗೆ ಬೆಂಕಿ ಬಿದ್ದರೆ ಆರಿಸುವ ವಾಹನಗಳಿಗೆಂದು ಕಡಿದ ಮಣ್ಣುದಾರಿಯಲ್ಲಿ ಇಳಿಯುವುದು. ಯಾರು ಮೊದಲು ಎಂಬ ವಾದ ಎದ್ದಾಗ ಆ ಗುಂಪಿನ ಚಾರ್ಲಿ ಕೆಲ್ಲಿ ಗಡಿಯಾರ ಹಿಡಿದು ಪಂದ್ಯ ಏರ್ಪಡಿಸಿದರು. 1976ರ ಅಕ್ಟೋಬರ್ 21, ಫೇರ್‌ಫ್ಯಾಕ್ಸ್ ಪಕ್ಕದ ಪೈನ್ ಮೌಂಟನ್ ಸೀಮೆ. ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು ದಾರಿ, ಸುಮಾರು 400 ಮೀಟರ್ ಇಳಿತ. ಮೊದಲ ದಿನ ಗೆದ್ದವರು ಅಲನ್ ಬಾಂಡ್ಸ್. ಅವತ್ತು ಬೀಳದೆ ಕೆಳಗೆ ಬಂದವರು ಅವರೊಬ್ಬರೇ. 1984ರವರೆಗೆ ಅಲ್ಲಿ ಒಟ್ಟು 24 ಪಂದ್ಯಗಳು ನಡೆದವು. ಅದೇ ಗುಂಪಿನ ಗ್ಯಾರಿ ಫಿಷರ್ ಇಳಿದ 4 ನಿಮಿಷ 22 ಸೆಕೆಂಡು ಅಲ್ಲಿಯ ದಾಖಲೆಯಾಗಿ ಉಳಿಯಿತು.

ಆ ದಾರಿಗೆ ರೀಪ್ಯಾಕ್ ಎಂದು ಹೆಸರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಮನಸ್ಸು ಈ ಕಥೆಗೆ ಅಂಟಿಕೊಂಡದ್ದೇ ಈ ಹೆಸರಿನಿಂದ.

ಆ ಹಳೆಯ ಸೈಕಲ್ಲುಗಳಿಗೆ ಕೈಬ್ರೇಕು ಇರಲಿಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಹಬ್ಬಿನ ಒಳಗಿರುವ ಭಾಗಗಳು ಹಿಗ್ಗಿ ಹಬ್ಬಿನ ಒಳಗೋಡೆಗೆ ಉಜ್ಜಿ ಚಕ್ರವನ್ನು ಹಿಡಿಯುತ್ತವೆ. ಸಮತಟ್ಟು ಬೀದಿಗೆ ಮಾಡಿದ ಏರ್ಪಾಡು ಅದು. ಪೇಪರ್ ಹಾಕುವ ಹುಡುಗ ಒಂದು ಮನೆಯ ಮುಂದೆ ನಿಲ್ಲಬೇಕು, ಮುಂದೆ ಹೋಗಬೇಕು, ಅಷ್ಟಕ್ಕೆ ಸಾಕು. ಕಡಿದಾದ ಬೆಟ್ಟವಿಳಿಯುವಾಗ ಅದೇ ಮುಷ್ಟಿಗಾತ್ರದ ಹಬ್ಬು ಒಬ್ಬ ಮನುಷ್ಯನ ತೂಕವನ್ನೂ ವೇಗವನ್ನೂ ನಾಲ್ಕೈದು ನಿಮಿಷ ಒಂದೇ ಸಮನೆ ತಡೆಯಬೇಕಾಗುತ್ತಿತ್ತು. ಒಳಗಿನ ಗ್ರೀಸು ಕಾದು, ಕರಗಿ, ಹೊಗೆಯಾಗಿ ಹೊರಬರುತ್ತಿತ್ತು. ಕೆಳಗೆ ತಲುಪುವಷ್ಟರಲ್ಲಿ ಹಬ್ಬು ಒಣಗಿ ಕಿರುಗುಟ್ಟುತ್ತಿತ್ತು. ಮತ್ತೊಮ್ಮೆ ಇಳಿಯಬೇಕಾದರೆ ಅದನ್ನು ಬಿಚ್ಚಿ, ಒರೆಸಿ, ಹೊಸ ಗ್ರೀಸು ತುಂಬಬೇಕು. ಮತ್ತೆ ತುಂಬುವ ಆ ಕೆಲಸವೇ ದಾರಿಯ ಹೆಸರಾಯಿತು.

ಆ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮರಿನ್‌ನಲ್ಲಲ್ಲ, ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿನಲ್ಲಿ. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮುಂಚೆ, ಅಪ್ಪನ ಕರಿ ಸೈಕಲ್ಲನ್ನು ಓವರಾಯಿಲ್ ಮಾಡಿಸಲು ಬಿಡುತ್ತಿದ್ದೆವು. ಶಾಪಿನವರು ಚಕ್ರ ಕಳಚಿ, ಕೋನು ಸಡಿಲಿಸಿ, ಆಕ್ಸಲ್ಲು ಎಳೆದರೆ ಸಣ್ಣ ಸಣ್ಣ ಗುಂಡುಗಳು ಕಪ್ಪು ಜಿಡ್ಡಿನ ಜೊತೆ ತಟ್ಟೆಗೆ ಸುರಿಯುತ್ತಿದ್ದವು. ಅವನ್ನು ಸೀಮೆಎಣ್ಣೆಯಲ್ಲಿ ಅಲ್ಲಾಡಿಸಿ ಬಟ್ಟೆಯ ಮೇಲೆ ಹರಡಿದಾಗ ಪ್ರತಿಯೊಂದರಲ್ಲೂ ಶಾಪಿನ ಬಾಗಿಲು, ಹೊರಗಿನ ಬೆಳಕು, ಬಗ್ಗಿ ನೋಡುವ ನನ್ನ ಮುಖ. ಆಮೇಲೆ ಅವರು ತೋರುಬೆರಳಲ್ಲಿ ಹಳದಿ ಗ್ರೀಸು ತೆಗೆದು ಕಪ್ಪಿನೊಳಗೆ ಬಳಿದು, ಒಂದೊಂದೇ ಗುಂಡನ್ನು ಅದರಲ್ಲಿ ಕೂರಿಸುತ್ತಿದ್ದರು. ಅಪ್ಪ ದಿನವೂ ತುಳಿದು ಹೋಗುವ ದಾರಿಯೆಲ್ಲ ಆ ಗುಂಡುಗಳ ಮೇಲೆ ಉರುಳುತ್ತದೆ ಎಂಬುದು ನನಗೆ ಆಗ ಹೊಳೆದದ್ದು. ನೋಡುತ್ತ ಕೂತು ಶಾಲೆಗೆ ತಡವಾದ ದಿನಗಳೂ ಇವೆ.

ನಮ್ಮ ಹಿರಿಯರು ಬೆರಗನ್ನು ಹಗುರವಾಗಿ ಕಂಡವರಲ್ಲ. ಭರತನ ನಾಟ್ಯಶಾಸ್ತ್ರ ವಿಸ್ಮಯವನ್ನು ಸ್ಥಾಯಿಭಾವಗಳ ಸಾಲಿನಲ್ಲಿ ಕೂರಿಸಿ, ಅದು ಅದ್ಭುತ ರಸವಾಗುತ್ತದೆ ಎಂದಿತು. ಪ್ರತಿ ರಸಕ್ಕೂ ಒಂದು ಬಣ್ಣ, ಒಂದು ಅಧಿದೇವತೆ. ಶೃಂಗಾರಕ್ಕೆ ವಿಷ್ಣು, ವೀರಕ್ಕೆ ಇಂದ್ರ, ಕರುಣಕ್ಕೆ ಯಮ. ಅದ್ಭುತದ ಬಣ್ಣ ಹಳದಿ. ಅದರ ದೇವತೆ ಬ್ರಹ್ಮ. ಓದುವಾಗ ಇದನ್ನು ಪಟ್ಟಿಯಂತೆ ಬಾಯಿಪಾಠ ಮಾಡಿದ್ದೆ. ಈಗ, ಈ ಸೈಕಲ್ಲಿನ ಗುಂಗಿನಲ್ಲಿ, ಆ ಮಾತು ಬೇರೆಯಾಗಿ ಕೇಳಿಸುತ್ತಿದೆ. ಬೆರಗನ್ನು ಕಾಯಲು ಅವರು ಆರಿಸಿದ್ದು ಸೃಷ್ಟಿಗೆ ಕೈ ಹಾಕುವವನನ್ನು. ಏನೂ ಇಲ್ಲದ ಕಡೆ ಒಂದು ವಸ್ತು ಎದ್ದು ನಿಲ್ಲುವ ಗಳಿಗೆ ಇದೆಯಲ್ಲ, ವಿಸ್ಮಯದ ಮನೆ ಅಲ್ಲಿದೆ ಎಂದು ಅವರಿಗೆ ಅನ್ನಿಸಿರಬೇಕು.

ಮರಿನ್‌ನ ಆ ಗಳಿಗೆಗೆ ಒಂದು ಹೆಸರು ಹೇಳಬಹುದಾದರೆ ಅದು ಜೋ ಬ್ರೀಜ್. ಆಲ್ಬರ್ಟ್ ಐಸೆಂಟ್ರಾಟ್ ಎಂಬ ಹೆಸರಾಂತ ಫ್ರೇಮ್ ಕುಶಲಕರ್ಮಿಯ ಬಳಿ ಕೆಲಸ ಕಲಿತು ರಸ್ತೆ ಸೈಕಲ್ಲುಗಳ ಫ್ರೇಮು ಮಾಡುತ್ತಿದ್ದ ಯುವಕ. ರೀಪ್ಯಾಕ್ ಇಳಿಯುವುದರಲ್ಲೂ ಗಟ್ಟಿಗ. ಹಳೆಯ ಷ್ವಿನ್‌ಗಳು ಒಂದೊಂದಾಗಿ ಮುರಿಯುತ್ತಿದ್ದವು, ಗುಜರಿಯಲ್ಲಿ ಹೊಸದು ಸಿಗುವುದು ಕಡಮೆಯಾಗಿತ್ತು. ಚಾರ್ಲಿ ಕೆಲ್ಲಿ ಬೆನ್ನುಬಿದ್ದದ್ದರಿಂದ ಬ್ರೀಜ್ 1977ರಲ್ಲಿ ಕ್ರೋಮ್-ಮಾಲಿಬ್ಡಿನಂ ಉಕ್ಕಿನ ಕೊಳವೆಗಳನ್ನು ಬೆಸೆದು, ಬೆಟ್ಟಕ್ಕೆಂದೇ ಒಂದು ಫ್ರೇಮು ಮಾಡಿ, ನಿಕ್ಕಲ್ ಹೊಳಪು ಕೊಟ್ಟು, ಎಲ್ಲ ಹೊಸ ಬಿಡಿಭಾಗಗಳನ್ನು ಜೋಡಿಸಿದರು. 1978ರ ಹೊತ್ತಿಗೆ ಹತ್ತು ಆದವು. ಹತ್ತೇ ಹತ್ತು. ಮೊದಲನೆಯದು ಇಂದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ.

ಆ ಹತ್ತಕ್ಕೂ ಗೆಳೆಯರ ಗೋಡೆಯ ಮೇಲಿನ ನೂರಕ್ಕೂ ಇರುವ ಅಂತರದ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಬ್ರೀಜ್ ಹನ್ನೊಂದನೆಯದನ್ನು ಮಾಡಬಾರದೆಂದು ತೀರ್ಮಾನಿಸಿರಲಿಲ್ಲ. ಒಬ್ಬ ಮನುಷ್ಯ, ಒಂದು ಬೆಸುಗೆಯ ಜ್ವಾಲೆ, ದಿನಕ್ಕಿಷ್ಟೇ ಬೆಳಕು. ಅವನ ಕೈಗೆ ಸಾಧ್ಯವಾದದ್ದು ಅಷ್ಟು. ಅದು ಮರ ಬಿಟ್ಟ ಹಣ್ಣಿನ ಲೆಕ್ಕ. ಇಂದಿನ ನೂರನ್ನು ಮೊದಲೇ ನಿಶ್ಚಯಿಸಿರುತ್ತಾರೆ. ಸಾವಿರ ಮಾಡುವ ಶಕ್ತಿ ಇದ್ದರೂ ನೂರಕ್ಕೆ ನಿಲ್ಲಿಸುತ್ತಾರೆ, ನೂರೊಂದನೆಯವನಿಗೆ ಸಿಗಲಿಲ್ಲವೆಂಬ ನೋವು ಬೆಲೆಯೊಳಗೆ ಸೇರಬೇಕೆಂದು. ಈ ಎರಡು ವಿರಳತೆಗಳನ್ನು ಒಂದೇ ಮಾತಿನಲ್ಲಿ ಕರೆಯುವುದು ನನಗೆ ಸರಿಕಾಣುವುದಿಲ್ಲ. ಹಿತ್ತಾಳೆ ತಗಡಿನ ಮೇಲಿನ ಆ ಅಂಕಿಯನ್ನು ನೋಡಿದಾಗಲೆಲ್ಲ ಗೆಳೆಯರ ಸಂತೋಷಕ್ಕೆ ಅಡ್ಡ ಬರಬಾರದೆಂದು ಸುಮ್ಮನಿದ್ದೇನೆ. ಮನಸ್ಸು ಮಾತ್ರ ಆ ತಗಡನ್ನು ಒಪ್ಪಿಲ್ಲ.

ಮುಂದಿನದೆಲ್ಲ ವೇಗವಾಗಿ ನಡೆದುಹೋಯಿತು. 1979ರಲ್ಲಿ ಫಿಷರ್ ಮತ್ತು ಕೆಲ್ಲಿ ಸೇರಿ ಟಾಮ್ ರಿಚಿ ಮಾಡಿಕೊಟ್ಟ ಫ್ರೇಮುಗಳಿಂದ ಅಂಗಡಿ ತೆರೆದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ 750 ಡಾಲರಿಗೆ ಬಂತು. ಅಲ್ಲಿಗೆ ಇದು ಗೆಳೆಯರ ಗುಂಪಿನ ಗುಟ್ಟಾಗಿ ಉಳಿಯಲಿಲ್ಲ. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ವಿಶ್ವ ಚಾಂಪಿಯನ್‌ಷಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಗುಜರಿ ಸೈಕಲ್ಲಿನಿಂದ ಒಲಿಂಪಿಕ್ ಪದಕಕ್ಕೆ ಇಪ್ಪತ್ತು ವರ್ಷ. ತೊಂಬತ್ತರ ದಶಕದಲ್ಲಿ ಅದರ ನೆರಳು ನಮ್ಮ ಊರುಗಳಿಗೂ ಬಂತು: ನೇರ ಹ್ಯಾಂಡಲ್ಲು, ಮುಳ್ಳುಮುಳ್ಳಾದ ದಪ್ಪ ಟಯರಿನ ಹೀರೋ ರೇಂಜರ್. ಟ್ಯೂಷನ್ನಿಗೆ ರೇಂಜರಿನಲ್ಲಿ ಬರುವ ಹುಡುಗನ ಸುತ್ತ ನಾವೆಲ್ಲ ನೆರೆಯುತ್ತಿದ್ದೆವು. ಆ ಟಯರು ಯಾವ ಬೆಟ್ಟಕ್ಕಾಗಿ ಹಾಗಾಯಿತೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ಇತಿಹಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಇನ್ನೊಂದು ದಿನವಿದೆ. 1974ರ ಡಿಸೆಂಬರ್ 1. ಮಿಲ್ ವ್ಯಾಲಿಯಲ್ಲಿ ಸೈಕ್ಲೋಕ್ರಾಸ್ ಪಂದ್ಯ, ಹುಲ್ಲು-ಕೆಸರಿನ ದಾರಿಯ ಸೈಕಲ್ ಓಟ. ಅಲ್ಲಿಗೆ ದಕ್ಷಿಣದಿಂದ ಕೆಲವು ಹುಡುಗರು ಬಂದರು, ಇಂದು ಅನೇಕ ಕನ್ನಡಿಗರು ಮನೆ ಮಾಡಿಕೊಂಡಿರುವ ಕುಪರ್ಟಿನೊದವರು. ಮಾರೊ ಡರ್ಟ್ ಕ್ಲಬ್ ಎಂದು ತಮ್ಮನ್ನು ಕರೆದುಕೊಳ್ಳುತ್ತಿದ್ದರು. ಮಾರೊ ಎಂಬುದು ಹಳೆಯ ಹಿಂಬ್ರೇಕಿನ ಹಬ್ಬಿನ ಹೆಸರು. ಅವರ ದಪ್ಪ ಟಯರಿನ ಸೈಕಲ್ಲುಗಳಿಗೆ ಆಗಲೇ ಗೇರುಗಳಿದ್ದವು. ಮರಿನ್‌ನವರು ಅದನ್ನು ಕಣ್ಣು ಬಿಟ್ಟುಕೊಂಡು ನೋಡಿದರು. ಆ ಕುಪರ್ಟಿನೊ ಸೈಕಲ್ಲುಗಳನ್ನು ಇಂದು ಯಾರೂ ಹಿತ್ತಾಳೆ ತಗಡು ಹಚ್ಚಿ ಮರಳಿ ಮಾಡುವುದಿಲ್ಲ. ಮಾಡಲು ಅವಕ್ಕೆ ಕಂಪನಿಯ ಹೆಸರೇ ಇರಲಿಲ್ಲ. ಮರುಹುಟ್ಟಿಗೂ ಒಂದು ಹೆಸರು, ಒಂದು ಬಿಲ್ಲೆ, ಒಂದು ಬಣ್ಣ ಬೇಕು. ಹೆಸರಿಲ್ಲದ ಬೆರಗು ಬೇರೆಯವರ ಕೈಯಲ್ಲಿ ಕರಗಿ ಮುಂದೆ ಹರಿದುಬಿಡುತ್ತದೆ. ನಾನು ದಿನವೂ ಕುಪರ್ಟಿನೊದ ಒಂದು ಸಿಗ್ನಲ್ಲಿನಲ್ಲಿ ನಿಲ್ಲುತ್ತೇನೆ. ಆ ಹುಡುಗರು ಈ ಬೀದಿಯಿಂದಲೇ ಹೊರಟಿದ್ದರೋ ಏನೋ ಎಂದುಕೊಳ್ಳುತ್ತೇನೆ.

ಮರಳಿ ಮಾಡುವವರೆಲ್ಲರೂ ಒಂದೇ ತರದವರಲ್ಲ. ಕ್ರಿಸ್ ಚಾನ್ಸ್ 1982ರಲ್ಲಿ ಮ್ಯಾಸಚೂಸೆಟ್ಸ್‌ನ ಸಮರ್ವಿಲ್‌ನಲ್ಲಿ ಫ್ಯಾಟ್ ಸಿಟಿ ಸೈಕಲ್ಸ್ ಆರಂಭಿಸಿದರು. ಅವರ ಯೋ ಎಡ್ಡಿ ಎಂಬ ಉಕ್ಕಿನ ಸೈಕಲ್ಲನ್ನು ಪೂರ್ವತೀರದ ಬೇರು-ಬಂಡೆಗಳ ಕಾಡಿನಲ್ಲಿ ಓಡಿಸಿದವರು ಇಂದಿಗೂ ಮನೆಮಂದಿಯಂತೆ ನೆನೆಯುತ್ತಾರೆ. ತೊಂಬತ್ತರ ದಶಕದ ನಡುವೆ ಕಂಪನಿ ಕೈ ಬದಲಾಯಿಸಿ ನ್ಯೂಯಾರ್ಕ್ ರಾಜ್ಯಕ್ಕೆ ಹೋಯಿತು. ಹೋಗದೆ ಉಳಿದ ಕೆಲಸಗಾರರು 1995ರಲ್ಲಿ ಇಂಡಿಪೆಂಡೆಂಟ್ ಫ್ಯಾಬ್ರಿಕೇಶನ್ ಎಂಬ ತಮ್ಮದೇ ಕಂಪನಿ ಕಟ್ಟಿದರು. ಇಪ್ಪತ್ತು ವರ್ಷ ಕಳೆದ ಮೇಲೆ, 2015ರಲ್ಲಿ, ಚಾನ್ಸ್ ತಾವೇ ಮರಳಿ ಬಂದರು. ಅಭಿಮಾನಿಗಳು ಮುಂಗಡವಾಗಿ ಹಣ ಕೊಟ್ಟರು, ಯೋ ಎಡ್ಡಿ ಮತ್ತೆ ಹುಟ್ಟಿತು. ಇಲ್ಲಿ ಮರಳಿ ಬಂದದ್ದು ಬರಿ ಹೆಸರಲ್ಲ, ಆ ಹೆಸರಿನ ಮನುಷ್ಯ. ವಯಸ್ಸಾದ ಗಾಯಕರು ಬಹಳ ವರ್ಷಗಳ ಮೇಲೆ ವೇದಿಕೆಗೆ ಬಂದು ಕೂತು ತಂಬೂರಿ ಶ್ರುತಿ ಮಾಡುವಾಗ ಸಭೆಯಲ್ಲಿ ಹಬ್ಬುವ ನಿಶ್ಶಬ್ದ ಇದರಲ್ಲಿದೆ ಎನಿಸುತ್ತದೆ ನನಗೆ.

ಯೇತಿ ಕಂಪನಿಯದು ಬೇರೆ ದಾರಿ. 1985ರಲ್ಲಿ ಹುಟ್ಟಿದ ಆ ಕಂಪನಿಯ ನೀಲಿಹಸಿರು ಬಣ್ಣವನ್ನು ಆ ಕಾಲದ ಹುಡುಗರು ಕಣ್ಣು ಮುಚ್ಚಿದರೂ ಕಾಣುತ್ತಿದ್ದರು. ಡುರಾಂಗೊದಲ್ಲಿ ಮಹಿಳೆಯರ ಕ್ರಾಸ್‌ಕಂಟ್ರಿ ಗೆದ್ದ ಜೂಲಿ ಫುರ್ಟಾಡೊ ಅವರ ತಂಡ ಅದು. ಅಲ್ಯುಮಿನಿಯಮ್‌ನ ಆರ್ಕ್ ಎಂಬ ಅವರ ತೊಂಬತ್ತರ ದಶಕದ ಸೈಕಲ್ಲು, ಕಂಪನಿಗೆ 35 ತುಂಬಿದ 2020ರಲ್ಲಿ, ಅದೇ ಬಣ್ಣದಲ್ಲಿ ಮಿತ ಸಂಖ್ಯೆಯಲ್ಲಿ ಬಂತು. ಮೈ ಮಾತ್ರ ಕಾರ್ಬನ್ನು. ಇನ್ನು ಕ್ಲೈನ್: ಗ್ಯಾರಿ ಕ್ಲೈನ್ ಮಾಡಿದ ದಪ್ಪ ಅಲ್ಯುಮಿನಿಯಮ್ ಕೊಳವೆಗಳ ಮೇಲೆ ಒಂದು ಬಣ್ಣ ಇನ್ನೊಂದಕ್ಕೆ ಕರಗುವುದನ್ನು ಸಂಜೆಯ ಆಕಾಶ ನೋಡಿದ ಹಾಗೆ ನೋಡಬೇಕು. 1995ರಲ್ಲಿ ಟ್ರೆಕ್ ಕಂಪನಿ ಕ್ಲೈನ್ ಅನ್ನು ಕೊಂಡಿತು, ಕ್ರಮೇಣ ಹೆಸರು ಮಾಸಿತು. ಬೆಟ್ಟದ ಸೈಕಲ್ಲಲ್ಲದಿದ್ದರೂ ಬ್ರಿಟನ್ನಿನ ರ‍್ಯಾಲಿ ಚಾಪರ್ ಅನ್ನು ಇಲ್ಲಿ ನೆನೆಯಬೇಕು. ನಮ್ಮ ತಂದೆಯರ ಕಾಲಕ್ಕೆ ಒಳ್ಳೆಯ ಸೈಕಲ್ಲೆಂದರೆ ರ‍್ಯಾಲಿಯೇ. 1970ರ ಮಕ್ಕಳ ಕನಸಾಗಿದ್ದ ಚಾಪರ್ 2023ರಲ್ಲಿ 950 ಪೌಂಡಿಗೆ ಮರಳಿ ಬಂದು ಬೇಗನೆ ಖಾಲಿಯಾಯಿತು. ಕೊಂಡವರಲ್ಲಿ ಎಷ್ಟೋ ಜನ ಅಜ್ಜಂದಿರಿರಬೇಕು.

ಹಳೆಯದನ್ನು ಮರಳಿ ಕಟ್ಟುವುದು ನಮಗೆ ಹೊಸದಲ್ಲ. ತೇರಿನ ಗಾಲಿ ಜೀರ್ಣವಾದರೆ ಹೊಸ ಮರ ತಂದು ಕಡೆಯುತ್ತೇವೆ, ಅಚ್ಚು ಬದಲಾಯಿಸುತ್ತೇವೆ, ತಲೆಮಾರು ಕಳೆದ ಮೇಲೆ ಮೊದಲಿನ ಮರ ಒಂದು ತುಂಡೂ ಉಳಿದಿರುವುದಿಲ್ಲ. ಆದರೂ ಅದೇ ತೇರು. ಜಾತ್ರೆಯ ದಿನ ಅದೇ ಬೀದಿಯಲ್ಲಿ ಅದೇ ಹಗ್ಗ ಹಿಡಿದು ಎಳೆಯುತ್ತೇವಲ್ಲ, ಅದಕ್ಕೆ. ಗೆಳೆಯರ ಸೈಕಲ್ಲಿನಲ್ಲೂ ಬಹಳಷ್ಟು ಬದಲಾಗಿದೆ. 1933ರ ಬಲೂನ್ ಟಯರಿನಿಂದ ಬಂದ 26 ಇಂಚಿನ ಚಕ್ರ ಹೋಗಿ 29 ಇಂಚು ಬಂದಿದೆ. ರಿಮ್ಮಿಗೆ ಒತ್ತುವ ರಬ್ಬರಿನ ಬದಲು ಡಿಸ್ಕ್ ಬ್ರೇಕು. ಮುಂದಿನ ಫೋರ್ಕು ಹೆಚ್ಚು ಓರೆಯಾಗಿ ಮುಂದಕ್ಕೆ ಚಾಚಿದೆ, ಇಳಿಜಾರಿನಲ್ಲಿ ಮುಗ್ಗರಿಸದಿರಲೆಂದು. ಉಳಿದಿರುವುದು ಉಕ್ಕು, ಬಣ್ಣ, ಹೆಸರು. ಇದಕ್ಕೆ ನನ್ನ ತಕರಾರಿಲ್ಲ. ಬದಲಾಗಲಿ. ಸ್ಮಿತ್ಸೋನಿಯನ್‌ನಲ್ಲಿರುವ ಬ್ರೀಜ್ ಅವರ ಸೈಕಲ್ಲು ಗರ್ಭಗುಡಿಯ ಮೂಲವಿಗ್ರಹದ ಹಾಗೆ. ಅದು ಅಲ್ಲಿಯೇ ಇರಲಿ. ಇವು ಉತ್ಸವಮೂರ್ತಿಗಳು. ಉತ್ಸವಮೂರ್ತಿಯನ್ನು ಮಾಡಿಸುವುದೇ ಬೀದಿಗೆ ತರಲು. ಅದನ್ನೂ ಒಳಗೇ ಇಟ್ಟು ಬಾಗಿಲು ಹಾಕಿಕೊಂಡರೆ ಬೀದಿಯಲ್ಲಿ ಕಾದು ನಿಂತವರ ಗತಿಯೇನು? ನನಗೆ ದುಃಖವಾಗುವುದು ಇಲ್ಲಿ. ಇಳಿಯಲೆಂದು ಹುಟ್ಟಿದ ವಸ್ತು ಗೂಟದ ಮೇಲೆ ಕೂತು, ವರ್ಷ ಕಳೆದಂತೆ ಹೆಚ್ಚು ಬೆಲೆಯಾಗುವುದನ್ನು ಕಂಡಾಗ.

ಇನ್ನೊಂದು ಸಲ ಹೋದಾಗ ಗೆಳೆಯರು ಸೈಕಲ್ಲನ್ನು ಗೂಟದಿಂದ ಇಳಿಸಿ ತಲೆಕೆಳಗಾಗಿ ನಿಲ್ಲಿಸಿದ್ದರು, ಒರೆಸಲು. ಕೊಳವೆಗಳು ಒಂದನ್ನೊಂದು ಸೇರುವ ಜಾಗಗಳನ್ನು ಅಂದು ಹತ್ತಿರದಿಂದ ನೋಡಿದೆ. ಈ ಫ್ರೇಮಿನ ಬೆಸುಗೆ ಹಿತ್ತಾಳೆಯದು. ಉಕ್ಕಿನ ಕೊಳವೆಯನ್ನು ಕೆಂಪಗೆ ಕಾಯಿಸಿ, ಹಿತ್ತಾಳೆಯ ಕಡ್ಡಿಯನ್ನು ಸಂದಿಗೆ ಹಿಡಿದರೆ ಅದು ಕರಗಿ ಹರಿಯುತ್ತದೆ. ಉಕ್ಕು ಕರಗುವುದಿಲ್ಲ, ಹಿತ್ತಾಳೆ ಅದನ್ನು ಅಪ್ಪಿಕೊಳ್ಳುತ್ತದೆ. ಕಾವು ಹೆಚ್ಚಾದರೆ ಉಕ್ಕು ಸೊರಗುತ್ತದೆ, ಕಡಮೆಯಾದರೆ ಹಿತ್ತಾಳೆ ಒಳಗಿಳಿಯುವುದಿಲ್ಲ. ಆರಿದ ಮೇಲೆ ಅರ ಹಿಡಿದು ಗಂಟೆಗಟ್ಟಲೆ ಉಜ್ಜಿ, ಕೊನೆಗೆ ಕೊಂಬೆಯಿಂದ ಕವಲು ಒಡೆದ ಹಾಗೆ ಕಾಣುವಂತೆ ನುಣುಪು ಮಾಡುತ್ತಾರೆ. ಟಾಮ್ ರಿಚಿ ಹದಿಹರೆಯದಿಂದಲೂ ಪಳಗಿಸಿಕೊಂಡ ಕೈಚಳಕ ಇದು. ನಾನು ಹೆಬ್ಬೆರಳನ್ನು ಪೆಡಲಿನ ಅಚ್ಚು ಕೂರುವ ಕೊಳವೆಯ ಕೆಳಗೆ, ಯಾರ ಕಣ್ಣೂ ಬೀಳದ ಕಡೆ, ಜಾರಿಸಿದೆ. ಅಲ್ಲಿ ಬಣ್ಣದ ಅಡಿಯಲ್ಲಿ ಒಂದು ಗೆರೆ ಸಿಕ್ಕಿತು. ಕೂದಲಿನಷ್ಟು ಸಣ್ಣದು, ಅರ ಕೊನೆಯ ಸಲ ಹಾದುಹೋದ ಗುರುತು.

ಯಾರೋ ಒಬ್ಬರು, ಯಾವುದೋ ಊರಿನ ಷೆಡ್ಡಿನಲ್ಲಿ, ಈ ಕೊಳವೆಯನ್ನು ಹಿಡಿಕೆಗೆ ಸಿಕ್ಕಿಸಿ ಬಗ್ಗಿ ನಿಂತಿದ್ದಾರೆ. ಸಂಜೆಯಾಗಿದೆ. ಇನ್ನೊಮ್ಮೆ ಉಜ್ಜಲೇ, ಸಾಕೇ ಎಂದು ಬೆರಳು ಸವರಿ ನೋಡಿ, ಸಾಕು ಎಂದಿದ್ದಾರೆ. ಆ ಸಾಕು ಎಂಬ ಮಾತು ನನ್ನ ಹೆಬ್ಬೆರಳಿಗೆ ತಾಗಿತು. ಅಂಕಿ ಕೊರೆದ ತಗಡು, ಬಣ್ಣ, ಬೆಲೆ ಎಲ್ಲವೂ ಆ ಗಳಿಗೆ ಹಿಂದೆ ಸರಿದವು. ಗೆಳೆಯರ ಕೈ ಹಿಡಿದು ಅವರ ಬೆರಳನ್ನೂ ಅಲ್ಲಿಟ್ಟೆ. ಹುಡುಕಿ, ಸಿಕ್ಕಿದ ಮೇಲೆ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಎಂಟು ತಿಂಗಳಿಂದ ದಿನವೂ ನೋಡಿದ ಸೈಕಲ್ಲಿನಲ್ಲಿ ಅವರು ಅದನ್ನು ಕಂಡಿರಲಿಲ್ಲ.

ಅವರ ಮೂವತ್ತು ವರ್ಷದ ಹಂಬಲವನ್ನು ನಾನು ಹಗುರಾಗಿ ಎಣಿಸಲಾರೆ. ಹೊಸ ನಾಡಿನಲ್ಲಿ, ತಿಂಗಳ ಕೊನೆಗೆ ಬ್ರೆಡ್ಡಿಗೆ ಲೆಕ್ಕ ಹಾಕುತ್ತ, ಒಂದು ಗಾಜಿನ ಮುಂದೆ ದಿನವೂ ನಿಲ್ಲುವ ಇಪ್ಪತ್ತೆರಡರ ಹುಡುಗನಿಗೆ ಆ ಸೈಕಲ್ಲು ಬರಿ ಸೈಕಲ್ಲಾಗಿರಲಿಲ್ಲ; ಈ ಊರಿನ ಬೆಟ್ಟಗಳು ತನಗೂ ಸೇರಿದವು ಎನ್ನುವ ಪತ್ರವಾಗಿತ್ತು. ಐವತ್ತು ದಾಟಿದ ಮೇಲೆ ಅವರು ಕೊಂಡದ್ದು ಆ ಪತ್ರವನ್ನು. ಅದಕ್ಕೆ ಕೊಟ್ಟ ಹಣ ಹೆಚ್ಚೋ ಕಡಮೆಯೋ ಹೇಳಲು ನಾನು ಯಾರು? ನನ್ನ ಕಳವಳ ಒಂದೇ ಆಗಿತ್ತು. ಪತ್ರವನ್ನು ಅವರು ಇನ್ನೂ ಒಡೆದು ಓದಿರಲಿಲ್ಲ.

ಮುಂದಿನ ಶುಕ್ರವಾರ ರಾತ್ರಿ ಫೋನು ಬಂತು. “ನಾಳೆ ಹೋಗೂಣೇನ್ರಿ?” ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಫೇರ್‌ಫ್ಯಾಕ್ಸ್‌ನಲ್ಲಿ ಮೊದಲು ಮರಿನ್ ಸೈಕಲ್ ವಸ್ತುಸಂಗ್ರಹಾಲಯಕ್ಕೆ ಹೋದೆವು. 2015ರಲ್ಲಿ ತೆರೆದ ಈ ಸಣ್ಣ ಕಟ್ಟಡದಲ್ಲೇ ಮೌಂಟನ್ ಬೈಕಿನ ಹಾಲ್ ಆಫ್ ಫೇಮ್ ಕೂಡ ಇದೆ. ಅಲ್ಲಿಯ ಕ್ಲಂಕರ್‌ಗಳ ಮುಂದೆ ಗೆಳೆಯರು ಬಹಳ ಹೊತ್ತು ನಿಂತರು. ತುಕ್ಕು, ಒರಟು ರಿಪೇರಿ, ಮೋಟಾರ್‌ಸೈಕಲ್ಲಿನಿಂದ ಕಿತ್ತು ತಂದ ಬ್ರೇಕಿನ ಹಿಡಿಕೆ. ಆಮೇಲೆ ಬೊಲಿನಸ್ ರಸ್ತೆಯಲ್ಲಿ ಮೇಲೆ ಹೋಗಿ, ಅಜೇಲಿಯಾ ಗುಡ್ಡದ ಬಳಿ ಕಾರು ನಿಲ್ಲಿಸಿ, ಪೈನ್ ಮೌಂಟನ್ ದಾರಿ ಹಿಡಿದೆವು. ಅವರು 41ನೆಯದರ ಮೇಲೆ, ನಾನು ನನ್ನ ಹಳೆಯ ಸೈಕಲ್ಲಿನ ಮೇಲೆ. ಏರು ಕಲ್ಲುಮಯ. ಸ್ಯಾನ್ ಜೆರೊನಿಮೊ ಏಣಿನ ಮೇಲೆ ಹಸಿರು ಛಾಯೆಯ ಸರ್ಪೆಂಟೈನ್ ಬಂಡೆ, ಆ ಬಡ ಮಣ್ಣಿನಲ್ಲಿ ಆಳೆತ್ತರಕ್ಕೆ ನಿಂತುಹೋದ ಸೈಪ್ರೆಸ್ ಮರಗಳು, ತೊಗಟೆ ಸುಲಿದು ಕೆಂಪಾದ ಮ್ಯಾಂಜನಿಟ ಪೊದೆಗಳು. ದೂರದಲ್ಲಿ ಟ್ಯಾಮಲ್ಪೈಸ್ ಮಂಜಿನ ಮೇಲೆ ತಲೆ ಎತ್ತಿತ್ತು.

ರೀಪ್ಯಾಕಿನ ತಲೆಯಲ್ಲಿ ಫಲಕ ನೋಡಿ ಗೆಳೆಯರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. ಈಗ ಇಲ್ಲಿ ಪಂದ್ಯವಿಲ್ಲ. ಗಂಟೆಗೆ 15 ಮೈಲಿ ಮೀರುವಂತಿಲ್ಲ, ನಡೆಯುವವರಿಗೆ ದಾರಿ ಬಿಡಬೇಕು. ಅದೇ ಸರಿ. ಆದರೆ ಆ ಕಡಿದಾದ ಇಳಿಜಾರಿನಲ್ಲಿ ನಿಧಾನವಾಗಿ ಹೋಗುವುದೇ ಬ್ರೇಕಿಗೆ ಕಷ್ಟದ ಕೆಲಸ. ಮೊದಲ ತಿರುವಿನಲ್ಲೇ ಮಳೆ ಕೊರೆದ ಕೊರಕಲು. ಒಂದು ಕಲ್ಲು ಟಣ್ ಎಂದು ಅವರ ಫ್ರೇಮಿಗೆ ಬಡಿಯಿತು. ನಿಂತರು. ಕೆಳಕೊಳವೆಯಲ್ಲಿ ಎಳ್ಳುಕಾಳಿನಷ್ಟು ಬಣ್ಣ ಹಾರಿ ಉಕ್ಕು ಮಿನುಗುತ್ತಿತ್ತು. ನಾನು ಏನು ಹೇಳಲೆಂದು ತಿಳಿಯದೆ ಸುಮ್ಮನಿದ್ದೆ. ಅವರು ಹೆಬ್ಬೆರಳು ಒದ್ದೆ ಮಾಡಿ ಅದನ್ನು ಒರೆಸಿದರು, ಮಗುವಿನ ಮೊಣಕಾಲಿನ ತರಚು ಒರೆಸುವ ಹಾಗೆ. ಆಮೇಲೆ ಒಂದು ಮಾತೂ ಆಡದೆ ಹತ್ತಿ ಹೊರಟರು. ಅಲ್ಲಿಂದ ಮುಂದೆ ನನಗೆ ಕಂಡದ್ದು ಅವರ ಬೆನ್ನು ಮಾತ್ರ. ಬಾಗುತ್ತ, ಎದ್ದು ನಿಲ್ಲುತ್ತ, ಧೂಳಿನಲ್ಲಿ ಮರೆಯಾಗುತ್ತ, ಮತ್ತೆ ಕಾಣುತ್ತ.

ಕೆಳಗೆ ಕ್ಯಾಸ್ಕೇಡ್ ಕಣಿವೆಯಲ್ಲಿ ತೊರೆ ಹರಿಯುತ್ತಿತ್ತು. ಬೇ ಮರಗಳ ನೆರಳಿನಲ್ಲಿ ಪಲಾವಿನ ಎಲೆಯದಕ್ಕಿಂತ ಖಾರವಾದ ಕಂಪು. ನಾನು ತಲುಪಿದಾಗ ಗೆಳೆಯರು ಸೈಕಲ್ಲನ್ನು ಒಂದು ಬಂಡೆಗೆ ಒರಗಿಸಿ ಹಿಂದಿನ ಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಮುಖಕ್ಕೆಲ್ಲ ಕೆಂಧೂಳು. ಕಾದ ಲೋಹದ ವಾಸನೆ. ಬೆರಳು ಡಿಸ್ಕಿನ ಹತ್ತಿರ ಒಯ್ದು, ಮುಟ್ಟದೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನೀರಿನ ಬಾಟಲಿ ಬಿಚ್ಚಿ, ಅಂಗೈಗೆ ಸ್ವಲ್ಪ ಸುರಿದು, ಹಂಚು ಕಾದಿದೆಯೋ ಇಲ್ಲವೋ ಎಂದು ದೋಸೆ ಹುಯ್ಯುವ ಮುಂಚೆ ನೋಡುವ ಹಾಗೆ ನಾಲ್ಕು ಹನಿ ಚಿಮುಕಿಸಿದರು.

ಚುಂಯ್ ಎಂದಿತು.

“ಹೊಗಿ ಬಂತು ನೋಡ್ರಿ!” ಎಂದರು. ಮತ್ತೆ ಅಂಗೈಗೆ ನೀರು ಸುರಿದುಕೊಂಡರು.